ಅಳಗುಳಿ ಮಣೆಯ ಮೇಲೆ ಹುಲ್ಲಿನ ಸಕ್ಕರೆ

ಸಾರು, ಉಪ್ಪು ಏನೂ ಸೇರಿಸದೆ ಒಂದು ತುತ್ತು ಅನ್ನವನ್ನು ಬಾಯಿಗಿಟ್ಟುಕೊಂಡು, ನುಂಗದೆ, ಸುಮ್ಮನೆ ಅಗಿಯುತ್ತಿರಿ. ಒಂದೆರಡು ನಿಮಿಷದಲ್ಲಿ ನಾಲಿಗೆಯ ಮೇಲೆ ಸಣ್ಣಗೆ ಸಿಹಿ ಮೂಡುತ್ತದೆ. ಜೊಲ್ಲಿನಲ್ಲಿರುವ ಕಿಣ್ವವೊಂದು ಅನ್ನದ ಪಿಷ್ಟವನ್ನು ಒಡೆದು ಸಕ್ಕರೆ ಮಾಡುತ್ತದೆ ಎಂದು ಮೇಷ್ಟ್ರು ಹೇಳಿದ್ದು ನಮಗೆಲ್ಲ ಅರ್ಧಂಬರ್ಧ ನೆನಪಿದೆ. ಈಗ ಅದೇ ಭತ್ತದ ಒಣಹುಲ್ಲಿನ ಒಂದು ಎಳೆಯನ್ನು ಬಾಯಿಗಿಟ್ಟು ನೋಡಿ. ಕಣದ ಬದಿಯಲ್ಲಿ ಕೂತು ಹುಲ್ಲುಕಡ್ಡಿ ಕಚ್ಚಿದವರಿಗೆ ಇದರ ಫಲಿತಾಂಶ ಮೊದಲೇ ಗೊತ್ತು. ಬೆಳಗಿನಿಂದ ಸಂಜೆಯವರೆಗೆ ಅಗಿದರೆ ದವಡೆ ನೋಯುತ್ತದೆ, ಸಿಹಿ ಮಾತ್ರ ಹುಟ್ಟುವುದಿಲ್ಲ.

ಹುಲ್ಲಿನಲ್ಲಿ ಸಕ್ಕರೆಯೇ ಇಲ್ಲ ಅಂದುಕೊಂಡರೆ ತಪ್ಪು. ಒಣಹುಲ್ಲಿನ ತೂಕದಲ್ಲಿ ಸರಿಸುಮಾರು ಮೂರನೆಯ ಒಂದು ಪಾಲು ಸೆಲ್ಯುಲೋಸ್. ಸೆಲ್ಯುಲೋಸ್ ಅಂದರೆ ಗ್ಲೂಕೋಸ್, ಬೇರೇನೂ ಅಲ್ಲ. ಅನ್ನದ ಪಿಷ್ಟವೂ ಗ್ಲೂಕೋಸೇ. ಒಂದೇ ಗಿಡ, ಒಂದೇ ಸಕ್ಕರೆ. ತೆನೆಯಲ್ಲಿ ಕೂತರೆ ನಮಗೆ ಊಟ, ಕಡ್ಡಿಯಲ್ಲಿ ಕೂತರೆ ಹಸುವಿಗೆ ಊಟ. ಹಸುವನ್ನು ಹೊಗಳುವ ಮೊದಲು ಒಂದು ಮಾತು: ಹುಲ್ಲಿನ ಸೆಲ್ಯುಲೋಸನ್ನು ಒಡೆಯುವ ಕಿಣ್ವ ಹಸುವಿನ ಮೈಯಲ್ಲೂ ಇಲ್ಲ. ಅದರ ಮೊದಲ ಹೊಟ್ಟೆಯಲ್ಲಿ ಬಿಡಾರ ಹೂಡಿರುವ ಸೂಕ್ಷ್ಮಜೀವಿಗಳು ಆ ಕೆಲಸ ಮಾಡುತ್ತವೆ. ಆ ಜೀವಿಗಳ ಕೈಯಲ್ಲಿ ನಮ್ಮ ಜೊಲ್ಲಿನಲ್ಲಿಲ್ಲದ ಯಾವ ಕತ್ತರಿ ಇದೆ? ಆ ಕತ್ತರಿಯ ಬಾಯಿ ಹೇಗಿದೆ? ಕಣ್ಣಿಗೆ ಕಾಣದ ಆ ಬಾಯಿಯನ್ನು ಅಳೆದವರು ಯಾವ ಅಳತೆಗೋಲು ಹಿಡಿದರು? ಈ ಅಧ್ಯಾಯ ಆ ಅಳತೆಗೋಲಿನದು.

ಚಕ್ಕುಲಿ ಮತ್ತು ಶಾವಿಗೆ

ಮೊದಲ ಕಿಣ್ವವನ್ನು ಬೇರ್ಪಡಿಸಿದವನೂ, ಸೆಲ್ಯುಲೋಸನ್ನು ಗುರುತಿಸಿದವನೂ ಒಬ್ಬನೇ. ಫ್ರಾನ್ಸಿನ ಆನ್ಸೆಲ್ಮ್ ಪೇಯನ್ 1833ರಲ್ಲಿ ಪೆರ್ಸೋ ಎಂಬ ಜೊತೆಗಾರನೊಂದಿಗೆ ಮೊಳಕೆ ಬಂದ ಬಾರ್ಲಿಯಿಂದ ಪಿಷ್ಟ ಒಡೆಯುವ ವಸ್ತುವೊಂದನ್ನು ತೆಗೆದ. ಅದಕ್ಕೆ ಡಯಾಸ್ಟೇಸ್ ಎಂದು ಹೆಸರಾಯಿತು. ಐದು ವರ್ಷದ ಮೇಲೆ, 1838ರಲ್ಲಿ, ಆತನೇ ಬಗೆಬಗೆಯ ಗಿಡಮರಗಳ ನಾರನ್ನು ಶುದ್ಧಮಾಡಿ ನೋಡಿದಾಗ ಎಲ್ಲದರಲ್ಲೂ ಒಂದೇ ವಸ್ತು ಉಳಿಯಿತು. ಅದರಲ್ಲಿದ್ದ ಇಂಗಾಲ, ಜಲಜನಕ, ಆಮ್ಲಜನಕಗಳ ಪಾಲು ಪಿಷ್ಟದಲ್ಲಿದ್ದಷ್ಟೇ! ಆದರೆ ಅವನ ಡಯಾಸ್ಟೇಸಿಗೆ ಈ ಹೊಸ ವಸ್ತುವಿನ ಎದುರು ಹಲ್ಲೇ ಇಲ್ಲ.

ವ್ಯತ್ಯಾಸ ಇರುವುದು ಮಣಿ ಪೋಣಿಸುವ ರೀತಿಯಲ್ಲಿ. ಗ್ಲೂಕೋಸನ್ನು ಒಂದು ಮಣಿ ಎಂದುಕೊಳ್ಳಿ, ಒಂದು ಮುಖ ಕೆಂಪು, ಇನ್ನೊಂದು ಮುಖ ಬಿಳಿ. ಪಿಷ್ಟದ ಸರದಲ್ಲಿ ಎಲ್ಲ ಮಣಿಗಳೂ ಒಂದೇ ಕಡೆ ಮುಖ ಮಾಡಿವೆ. ಸೆಲ್ಯುಲೋಸಿನಲ್ಲಿ ಒಂದು ಮಣಿ ಕೆಂಪು ಮೇಲಾಗಿ ಕೂತರೆ ಪಕ್ಕದ್ದು ಮಗುಚಿ ಬಿಳಿ ಮೇಲಾಗಿ ಕೂತಿದೆ. ಮತ್ತೆ ಕೆಂಪು, ಮತ್ತೆ ಬಿಳಿ. ಇಷ್ಟೇ. ಆದರೆ ಇಷ್ಟರಿಂದಲೇ ಪಿಷ್ಟದ ಸರ ಚಕ್ಕುಲಿಯ ಹಾಗೆ ಸುತ್ತಿಕೊಳ್ಳುತ್ತದೆ, ಸೆಲ್ಯುಲೋಸಿನ ಸರ ಒಣ ಶಾವಿಗೆಯ ಹಾಗೆ ನೆಟ್ಟಗೆ ನಿಲ್ಲುತ್ತದೆ. ಸುತ್ತಿಕೊಂಡ ಚಕ್ಕುಲಿಯ ಸಂದಿಗೆ ನೀರು ನುಗ್ಗುತ್ತದೆ, ಕಿಣ್ವವೂ ನುಗ್ಗುತ್ತದೆ. ನೆಟ್ಟಗಿನ ಶಾವಿಗೆಗಳಾದರೋ ಒಂದಕ್ಕೊಂದು ಮೈ ಒತ್ತಿ ಕಟ್ಟಾಗುತ್ತವೆ. ಒಂದೊಂದು ಮಣಿಯೂ ಪಕ್ಕದ ಸರದ ಮಣಿಯ ಕೈ ಹಿಡಿಯುತ್ತದೆ. ಒಂದು ಹಿಡಿತ ಸಡಿಲವಾದರೂ ಸಾವಿರ ಹಿಡಿತ ಸೇರಿದರೆ ಹಗ್ಗ. ಹತ್ತಿಯ ಒಂದು ಸರದಲ್ಲಿ ಸುಮಾರು 10,000 ಮಣಿಗಳಿರಬಹುದು. ನಮ್ಮ ಪಂಚೆ, ಸೀರೆ, ಪುಸ್ತಕದ ಹಾಳೆ ಎಲ್ಲವೂ ಸಕ್ಕರೆಯೇ, ನೀರಿಗೆ ಕರಗದ ಸಕ್ಕರೆ.

ಕರಗದಿರುವುದು ಹೋಗಲಿ, ಮಣಿ ಮಣಿಯ ನಡುವಿನ ಕೊಂಡಿಯೂ ಮಹಾ ಗಟ್ಟಿ. ಕಿಣ್ವದ ನೆರವಿಲ್ಲದೆ, ಕೋಣೆಯ ಸಾಮಾನ್ಯ ಬಿಸಿಯಲ್ಲಿ, ಬರೀ ನೀರು ಇಂಥ ಕೊಂಡಿಗಳಲ್ಲಿ ಅರ್ಧದಷ್ಟನ್ನು ಬಿಡಿಸಲು ಸುಮಾರು 47 ಲಕ್ಷ ವರ್ಷ ಬೇಕೆಂದು 1998ರಲ್ಲಿ ಅಮೆರಿಕದ ರಿಚರ್ಡ್ ವುಲ್ಫೆಂಡನ್ ಮತ್ತು ಸಂಗಡಿಗರು ಲೆಕ್ಕ ಹಾಕಿದರು. ಹಿತ್ತಿಲಲ್ಲಿ ಬಿದ್ದ ಎಲೆ ಎರಡು ಮಳೆಗಾಲಕ್ಕೆ ಮಣ್ಣಾಗುತ್ತದಲ್ಲ, ಆ ಅವಸರವೆಲ್ಲ ಕಿಣ್ವದ ಕೃಪೆ.

ಡೇರೆ ತಿಂದ ಬೂಷ್ಟು

ಎರಡನೆಯ ಮಹಾಯುದ್ಧದ ಹೊತ್ತಿಗೆ ಪೆಸಿಫಿಕ್ ದ್ವೀಪಗಳಲ್ಲಿದ್ದ ಅಮೆರಿಕದ ಸೈನ್ಯಕ್ಕೆ ಜಪಾನೀಯರ ಜೊತೆ ಇನ್ನೊಬ್ಬ ಶತ್ರುವೂ ಇದ್ದ. ಹತ್ತಿಯ ಡೇರೆ, ಸಮವಸ್ತ್ರ, ಚೀಲದ ಪಟ್ಟಿ ಎಲ್ಲವೂ ಆ ಜಿಗುಟು ಹವೆಯಲ್ಲಿ ಕೊಳೆತು ಪುಡಿಯಾಗುತ್ತಿದ್ದವು. ಸೈನ್ಯದ ಸರಬರಾಜು ವಿಭಾಗ ಕೊಳೆತ ಬಟ್ಟೆಯ ಚೂರುಗಳಿಂದ ಬೂಷ್ಟುಗಳನ್ನು ಬೇರ್ಪಡಿಸಿ ಸಾಕತೊಡಗಿತು. ಬೂಗನ್‌ವಿಲ್ ದ್ವೀಪದ ಡೇರೆಯೊಂದರಿಂದ ಸಿಕ್ಕ ಹಸಿರು ಬೂಷ್ಟಿಗೆ ಕ್ಯೂಎಂ-6ಎ ಎಂದು ಗುರುತು ಬಿತ್ತು. ಹತ್ತಿ ತಿನ್ನುವುದರಲ್ಲಿ ಅದು ಎಲ್ಲರನ್ನೂ ಮೀರಿಸಿತು. ಅದರ ಬೆನ್ನು ಹತ್ತಿ ಜೀವಮಾನ ಕಳೆದ ಎಲ್ವಿನ್ ರೀಸ್ ಎಂಬ ವಿಜ್ಞಾನಿಯ ಹೆಸರನ್ನೇ 1977ರಲ್ಲಿ ಅದಕ್ಕೆ ಇಟ್ಟರು: ಟ್ರೈಕೋಡರ್ಮಾ ರೀಸೈ. ಶತ್ರುವಿಗೆ ಪತ್ತೇದಾರನ ಹೆಸರು!

ರೀಸ್ ಮತ್ತು ಜೊತೆಗಾರರು 1950ರಲ್ಲೇ ಒಂದು ಒಳ್ಳೆಯ ಊಹೆ ಮುಂದಿಟ್ಟಿದ್ದರು. ಬೂಷ್ಟಿನ ಬಳಿ ಒಂದೇ ಕತ್ತರಿ ಇರಲಾರದು. ಹಗ್ಗವನ್ನು ಮೊದಲು ಯಾರೋ ಹಿಂಜಿ ಸಡಿಲ ಮಾಡಬೇಕು, ಆಮೇಲೆ ಬೇರೆಯವರು ಕತ್ತರಿಸಬೇಕು. ಹಿಂಜುವವನು ಯಾರು ಎಂಬುದು ಅರುವತ್ತು ವರ್ಷ ಬಗೆಹರಿಯಲಿಲ್ಲ. ಕತ್ತರಿಸುವವರು ಮಾತ್ರ ಒಬ್ಬೊಬ್ಬರಾಗಿ ಸಿಕ್ಕಿಬಿದ್ದರು. ಸರದ ನಡುವೆ ಎಲ್ಲೆಂದರಲ್ಲಿ ಕಚ್ಚುವವು ಕೆಲವು. ಅವನ್ನು ನಡುಗತ್ತರಿ ಎನ್ನೋಣ. ಸರದ ತುದಿ ಹಿಡಿದು ಎರಡೆರಡು ಮಣಿ ಕತ್ತರಿಸುತ್ತ ಸಾಗುವವು ಕೆಲವು, ಅವು ತುದಿಗತ್ತರಿ. ಹೀಗೆ ಉದುರಿದ ಜೋಡಿಮಣಿಯನ್ನು ಬಿಡಿಸಿ ಒಂಟಿ ಗ್ಲೂಕೋಸ್ ಮಾಡುವುದು ಮೂರನೆಯದು.

ಹೀಗೆ ಮೂರು ಸಾಲಿನಲ್ಲಿ ಬರೆದುಬಿಡುವುದು ಸುಲಭ. ಗೊತ್ತುಮಾಡಿಕೊಂಡದ್ದು ಹೇಗೆ ಎಂಬುದೇ ಕಷ್ಟದ ಕತೆ.

ಬಣವೆ ಹೊಕ್ಕ ಇಲಿ

ಹುಲ್ಲಿನ ಬಣವೆಯೊಳಗೆ ಇಲಿಯೊಂದು ಸೇರಿಕೊಂಡಿದೆ. ಹೊರಗೆ ಪುಡಿ ಉದುರುತ್ತಿದೆ. ಪುಡಿ ನೋಡಿ ಇಲಿಯ ಬಾಯಿ ಎಷ್ಟು ಅಗಲ, ಹಲ್ಲು ಎಲ್ಲಿದೆ ಎಂದು ಹೇಳಬೇಕು. ಹತ್ತಿಯ ಮೇಲೆ ಕಿಣ್ವ ಸುರಿದು ಕೂತ ವಿಜ್ಞಾನಿಯ ಪಾಡು ಇದೇ. ಕಿಣ್ವ ನೀರಿನಲ್ಲಿ ಕರಗಿದೆ, ಹತ್ತಿ ಕರಗಿಲ್ಲ. ಕಿಣ್ವ ಯಾವ ಸರವನ್ನು ಹಿಡಿಯಿತು, ಎಷ್ಟನೆಯ ಮಣಿಯ ಬಳಿ ಕತ್ತರಿಸಿತು, ಎಷ್ಟು ಹೊತ್ತು ಸುಮ್ಮನೆ ಅಂಟಿಕೊಂಡಿತ್ತು, ಒಂದೂ ಕಾಣುವುದಿಲ್ಲ. ಒಂದು ನೂಲಿನಲ್ಲೇ ಬಿಗಿಯಾದ ಭಾಗ, ಸಡಿಲ ಭಾಗ ಎರಡೂ ಇರುವುದರಿಂದ ಇಂದಿನ ಲೆಕ್ಕ ನಾಳೆಗೆ ಹೊಂದದು.

ಹಾಗಾದರೆ ಬಣವೆ ಬಿಟ್ಟು ಇಲಿಗೆ ಎಣಿಸಿದ ಕಡ್ಡಿಗಳನ್ನು ಕೊಟ್ಟರೆ? ಎರಡೇ ಮಣಿಯ ಸರ, ಮೂರರದು, ನಾಲ್ಕರದು, ಐದರದು, ಆರರದು. ಎಲ್ಲವೂ ನೀರಿಗೆ ಕರಗುತ್ತವೆ, ಎಲ್ಲದರ ಉದ್ದವೂ ಗೊತ್ತು. ಇವನ್ನು ಕಿರುಸರ ಎಂದು ಕರೆಯುತ್ತೇನೆ. ಪ್ರಯೋಗಾಲಯದ ಶೀಶೆಯ ಮೇಲೆ ಸೆಲ್ಲೊ-ಆಲಿಗೋಸ್ಯಾಕರೈಡ್ ಎಂದು ಬರೆದಿರುತ್ತದೆ; ಬಾಯಿತುಂಬ ಹೆಸರು, ಅರ್ಥ ಇಷ್ಟೇ: ಸೆಲ್ಯುಲೋಸಿನಿಂದ ಬಂದ ಕೆಲವೇ ಸಕ್ಕರೆ ಮಣಿಗಳ ಸರ.

ಜೋಡಿಮಣಿ ಬಹಳ ಹಿಂದೆಯೇ ಕೈಗೆ ಸಿಕ್ಕಿತ್ತು; ಸ್ಕ್ರಾಪ್ ಮತ್ತು ಕೋನಿಗ್ ಎಂಬ ರಸಾಯನಜ್ಞರು 1901ರಲ್ಲಿ ಅದನ್ನು ವಿವರಿಸಿದರು. ಅದಕ್ಕಿಂತ ಉದ್ದದವನ್ನು ಮಾಡುವುದು ಅಡುಗೆಮನೆಯಲ್ಲಿ ಪಾಕ ಹಿಡಿಯುವಷ್ಟೇ ನಾಜೂಕು. ಸೆಲ್ಯುಲೋಸಿನ ಪುಡಿಯನ್ನು ಹೊಗೆಯಾಡುವ ತಣ್ಣನೆಯ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ನೆನೆಸಿದರೆ ಕಟ್ಟು ಬಿಚ್ಚಿ ಸರಗಳು ತುಂಡಾಗತೊಡಗುತ್ತವೆ. ಬೇಗ ನಿಲ್ಲಿಸಿದರೆ ತುಂಡುಗಳು ಉದ್ದುದ್ದ ಉಳಿದು ನೀರಿಗೆ ಬಾರವು, ತಡ ಮಾಡಿದರೆ ಎಲ್ಲವೂ ಒಂಟಿ ಗ್ಲೂಕೋಸ್ ಆಗಿಬಿಡುತ್ತದೆ. ನಡುವಿನ ಆ ಒಂದು ಹದದಲ್ಲಿ ತಡೆದು ಆಮ್ಲ ತೆಗೆದರೆ ಎಲ್ಲ ಉದ್ದದ ಕಿರುಸರಗಳ ಕಲಸುಮೇಲೋಗರ ಸಿಗುತ್ತದೆ. ಇನ್ನು ಇದನ್ನು ವಿಂಗಡಿಸಬೇಕಲ್ಲ. ರೀಸ್ ತನ್ನ ಊಹೆ ಮುಂದಿಟ್ಟ ಅದೇ 1950ರಲ್ಲಿ ಅಮೆರಿಕದ ವಿಸ್ಲರ್ ಮತ್ತು ಡರ್ಸೊ ಇದ್ದಿಲಿನ ಉಪಾಯ ತೋರಿಸಿದರು. ಇದ್ದಿಲ ಪುಡಿ ತುಂಬಿದ ಕೊಳವೆಯಲ್ಲಿ ಸಕ್ಕರೆಗಳನ್ನು ಹಾಯಿಸಿದರೆ ಸರ ಉದ್ದವಾದಷ್ಟೂ ಇದ್ದಿಲಿಗೆ ಹೆಚ್ಚು ಗಟ್ಟಿಯಾಗಿ ಅಂಟುತ್ತದೆ. ಬರೀ ನೀರು ಹಾಕಿದರೆ ಒಂಟಿಮಣಿ ಇಳಿಯುತ್ತದೆ. ನೀರಿಗೆ ಸ್ವಲ್ಪ ಸ್ಪಿರಿಟ್ ಬೆರೆಸಿದರೆ ಜೋಡಿಮಣಿ, ಇನ್ನಷ್ಟು ಬೆರೆಸಿದರೆ ಮೂರು, ಮತ್ತಷ್ಟಕ್ಕೆ ನಾಲ್ಕು.

ಈ ಮೆಟ್ಟಿಲು ಆರರ ಆಸುಪಾಸಿನಲ್ಲಿ ಮುಗಿಯುತ್ತದೆ. ಆರು ಮಣಿಯವರೆಗೆ ನೀರು ಸರವನ್ನು ಹೇಗೋ ತಬ್ಬಿಕೊಂಡು ತೇಲಿಸುತ್ತದೆ. ಏಳು, ಎಂಟಕ್ಕೆ ಬಂದರೆ ಸರಗಳಿಗೆ ನೀರಿನ ತಬ್ಬುಗೆಗಿಂತ ತಮ್ಮ ತಮ್ಮ ತಬ್ಬುಗೆಯೇ ಹಿತವಾಗಿ, ಜೊತೆಗೂಡಿ ತಳಕ್ಕಿಳಿಯುತ್ತವೆ. ಸಕ್ಕರೆ ನಾರಾಗುವ ಗಡಿ ಅಲ್ಲೇ ಎಲ್ಲೋ ಇದೆ ಎನ್ನಬಹುದು. ಐದು, ಆರು ಮಣಿಯ ಶುದ್ಧ ಸರಗಳನ್ನು ಇಂದಿಗೂ ಮಿಲಿಗ್ರಾಂ ಲೆಕ್ಕದಲ್ಲಿ ಮಾರುತ್ತಾರೆ, ಕೊಂಡವರು ಚಿನ್ನದಂತೆ ಜೋಪಾನ ಮಾಡುತ್ತಾರೆ.

ಕತ್ತಲಲ್ಲಿ ಅಳಗುಳಿ ಮಣೆ

ಅಳಗುಳಿ ಮಣೆ ನೋಡಿದ್ದೀರಿ; ಕರಾವಳಿಯವರಿಗೆ ಚೆನ್ನೆಮಣೆ. ಮರದ ಹಲಗೆಯಲ್ಲಿ ಸಾಲಾಗಿ ಕೊರೆದ ಗುಳಿಗಳು, ಆಡಲು ಹುಣಸೆ ಬೀಜ. ಕಿಣ್ವದ ಬಾಯಿಯನ್ನು ಒಂದೇ ಸಾಲಿನ ಅಳಗುಳಿ ಮಣೆ ಎಂದು ಊಹಿಸಿಕೊಳ್ಳಿ. ಒಂದೊಂದು ಗುಳಿಯಲ್ಲಿ ಸರದ ಒಂದೊಂದು ಮಣಿ ಕೂರುತ್ತದೆ. ಯಾವುದೋ ಎರಡು ಗುಳಿಗಳ ನಡುವಿನ ದಿಬ್ಬದಲ್ಲಿ ಮಾತ್ರ ಕತ್ತಿಯ ಅಲುಗಿದೆ. ಕೂತ ಸರ ಆ ದಿಬ್ಬವನ್ನು ದಾಟಿ ಎರಡೂ ಕಡೆ ಚಾಚಿದ್ದರೆ ಅಲ್ಲಿ ತುಂಡಾಗುತ್ತದೆ. ಚಾಚಿರದಿದ್ದರೆ ಎಷ್ಟು ಹೊತ್ತು ಕೂತಿದ್ದರೂ ಏನೂ ಆಗದು. ಈಗ ದೀಪ ಆರಿಸಿ. ಮಣೆ ಕಾಣದು, ಮುಟ್ಟುವಂತಿಲ್ಲ. ಗುಳಿ ಎಷ್ಟು, ಅಲುಗು ಎಲ್ಲಿ? ನಿಮ್ಮ ಕೈಯಲ್ಲಿರುವುದು ಎಣಿಸಿದ ಕಿರುಸರಗಳು ಮಾತ್ರ.

ಒಂದು ನಡುಗತ್ತರಿ ಇದೆ ಎನ್ನಿ. ಎರಡು ಮಣಿಯ ಸರ ಕೊಟ್ಟಿರಿ. ಒಂದು ದಿನ ಬಿಟ್ಟು ನೋಡಿದರೂ ಹಾಗೇ ಇದೆ. ಮೂರರದು ಕೊಟ್ಟಿರಿ, ನಿಧಾನವಾಗಿ ಎರಡು ಮತ್ತು ಒಂದಾಯಿತು. ನಾಲ್ಕರದು ಬೇಗ ಒಡೆದು ಎರಡು, ಎರಡು ಆಯಿತು. ಐದರದು ಇನ್ನೂ ಬೇಗ, ಎರಡು ಮತ್ತು ಮೂರು. ಆರರದು ಕೊಟ್ಟಾಗ ವೇಗ ಐದರದಕ್ಕಿಂತ ಹೆಚ್ಚಲಿಲ್ಲ. ಇಷ್ಟೇ ಸಾಕ್ಷಿ. ಇದರಲ್ಲಿ ಮಣೆಯ ನಕ್ಷೆ ಅಡಗಿದೆ.

ವೇಗ ಏಕೆ ಏರಿತು? ಒಂದೊಂದು ಗುಳಿಯೂ ತನ್ನಲ್ಲಿ ಕೂತ ಮಣಿಯನ್ನು ಕೊಂಚ ಬಿಗಿ ಹಿಡಿಯುತ್ತದೆ. ಹೆಚ್ಚು ಗುಳಿ ತುಂಬಿದಷ್ಟೂ ಸರ ಜಾರದೆ, ಸರಿಯಾದ ಜಾಗದಲ್ಲಿ, ಅಲುಗಿನ ಕೆಳಗೆ ಸಿಕ್ಕಿಕೊಳ್ಳುತ್ತದೆ. ಐದರ ಮೇಲೆ ಏಕೆ ಏರಲಿಲ್ಲ? ಐದೇ ಗುಳಿ ಇರುವುದರಿಂದ. ಆರನೆಯ ಮಣಿ ಮಣೆಯ ಹೊರಗೆ ಜೋತಾಡುತ್ತದೆ, ಹಿಡಿಯಲು ಯಾರೂ ಇಲ್ಲ. ಐದು ಮಣಿ ಐದು ಗುಳಿಯನ್ನೂ ತುಂಬಿದಾಗ ಎರಡು-ಮೂರಾಗಿ ಒಡೆಯಿತಲ್ಲ, ಅಂದರೆ ಅಲುಗಿನ ಒಂದು ಪಕ್ಕ ಎರಡು ಗುಳಿ, ಇನ್ನೊಂದು ಪಕ್ಕ ಮೂರು. ಎರಡು ಮಣಿಯ ಸರ ಬದುಕಿ ಉಳಿದದ್ದು ಅದು ಚಿಕ್ಕದು ಎಂಬ ಕರುಣೆಯಿಂದಲ್ಲ. ಅಲುಗಿನಾಚೆಯ ಯಾವುದೋ ಎರಡು ಒಳ್ಳೆಯ ಗುಳಿಗಳಲ್ಲಿ ಹಾಯಾಗಿ ಕೂತುಬಿಡುತ್ತದೆ, ದಿಬ್ಬ ದಾಟುವ ಅಗತ್ಯವೇ ಅದಕ್ಕಿಲ್ಲ.

ನನಗೆ ಈ ವಿಧಾನದ ಮೇಲೆ ವಿಶೇಷ ಪ್ರೀತಿ. ದುಬಾರಿ ಯಂತ್ರ ಬೇಡ, ಎಣಿಕೆ ಮತ್ತು ಗಡಿಯಾರ ಸಾಕು. ಇದು ಸೆಲ್ಯುಲೋಸಿನವರ ಸ್ವಂತ ಬುದ್ಧಿ ಎಂದು ಹೇಳಲಾರೆ. ಇಸ್ರೇಲಿನ ಶೆಕ್ಟರ್ ಮತ್ತು ಬರ್ಗರ್ ಎಂಬುವರು 1967ರಲ್ಲಿ ಪರಂಗಿಕಾಯಿಯ ಹಾಲಿನಲ್ಲಿರುವ ಪಪೈನ್ ಕಿಣ್ವಕ್ಕೆ ಬೇರೆ ಬೇರೆ ಉದ್ದದ ಪ್ರೋಟೀನ್ ತುಣುಕುಗಳನ್ನು ಉಣಿಸಿ ಹೀಗೇ ಅಳೆದಿದ್ದರು. ಅವರ ಲೆಕ್ಕಕ್ಕೆ ಬಂದ ಗುಳಿಗಳು ಏಳು, ನಮ್ಮ ಅಳಗುಳಿ ಮಣೆಯ ಒಂದು ಸಾಲಿನಲ್ಲಿರುವಷ್ಟೇ.

ಒಡೆದ ತುಂಡುಗಳನ್ನು ಎಣಿಸುವುದು ಹೇಗೆ ಎಂಬ ಅನುಮಾನ ನಿಮಗೆ ಬಂದಿರಬಹುದು. ಸೀಮೆಸುಣ್ಣದ ಬುಡಕ್ಕೆ ಶಾಯಿಯ ಚುಕ್ಕಿ ಇಟ್ಟು ನೀರಿನ ತಟ್ಟೆಯಲ್ಲಿ ನಿಲ್ಲಿಸಿದರೆ ಬಣ್ಣಗಳು ಬೇರೆ ಬೇರೆ ಎತ್ತರಕ್ಕೆ ಏರುತ್ತವೆ. ಇಲ್ಲೂ ಅದೇ. ತೆಳುವಾದ ಲೇಪ ಬಳಿದ ಹಾಳೆಯ ಬುಡದಲ್ಲಿ ಚುಕ್ಕಿ ಇಟ್ಟು ದ್ರವ ಏರಲು ಬಿಟ್ಟರೆ ಒಂಟಿಮಣಿ ಎಲ್ಲರಿಗಿಂತ ಮೇಲೆ ಓಡುತ್ತದೆ, ಆರು ಮಣಿಯದು ಬುಡದಲ್ಲೇ ತೆವಳುತ್ತದೆ. ಪಕ್ಕದಲ್ಲಿ ಉದ್ದ ಗೊತ್ತಿರುವ ಕಿರುಸರಗಳ ಚುಕ್ಕಿಗಳನ್ನೂ ಇಟ್ಟಿದ್ದರೆ ಯಾವುದು ಯಾವುದೆಂದು ಹೋಲಿಸಿ ಓದಬಹುದು. ಕಿರುಸರ ಇಲ್ಲಿ ಕಿಣ್ವದ ಊಟವೂ ಹೌದು, ನಮ್ಮ ಸ್ಕೇಲೂ ಹೌದು.

ಕೊಕ್ಕೆ ಯಾವ ಕಡೆ?

ಜಾಣ ಓದುಗರು ಆಗಲೇ ತಪ್ಪು ಹಿಡಿದಿರುತ್ತಾರೆ. ಐದು ಮಣಿ ಎರಡು-ಮೂರಾಯಿತು, ಸರಿ. ಆದರೆ ಎರಡು ಯಾವ ಕಡೆಯದು? ಬಲದ್ದೋ ಎಡದ್ದೋ? ಸೆಲ್ಯುಲೋಸಿನ ಸರಕ್ಕೆ ಎರಡು ತುದಿಯೂ ಒಂದೇ ಅಲ್ಲ. ಒಂದು ತುದಿಯ ಮಣಿಯ ಉಂಗುರ ಬಿಚ್ಚಿ ಮುಚ್ಚಿ ಆಡಬಲ್ಲದು, ಇನ್ನೊಂದರದು ಆಡದು. ಮೊದಲನೆಯದನ್ನು ಕೊಕ್ಕೆತುದಿ, ಎರಡನೆಯದನ್ನು ಮೊಂಡುತುದಿ ಎನ್ನೋಣ. ಹಾಳೆಯ ಮೇಲಿನ ಚುಕ್ಕಿಗೆ ಈ ಭೇದ ತಿಳಿಯದು.

ಉಪಾಯ ನೀರಿನಲ್ಲೇ ಇದೆ. ಕಿಣ್ವ ಕೊಂಡಿಯನ್ನು ಒಡೆಯುವಾಗ ಒಂದು ನೀರಿನ ಕಣವನ್ನು ಬಳಸುತ್ತದೆ. ಆ ನೀರಿನ ಆಮ್ಲಜನಕ ಹೋಗಿ ಕೂರುವುದು ಹೊಸದಾಗಿ ಹುಟ್ಟಿದ ಕೊಕ್ಕೆತುದಿಯಲ್ಲಿ. ಹಾಗಾಗಿ ಮಾಮೂಲಿ ನೀರಿನ ಬದಲು ಸ್ವಲ್ಪ ಭಾರದ ಆಮ್ಲಜನಕವಿರುವ ನೀರು ಹಾಕಿ ಪ್ರಯೋಗ ಮಾಡುತ್ತಾರೆ. ಒಡೆದ ಎರಡು ತುಂಡುಗಳಲ್ಲಿ ಮೊಂಡುತುದಿಯ ಕಡೆಯದಕ್ಕೆ ಹೊಸ ಕೊಕ್ಕೆ, ಆದ್ದರಿಂದ ಕೂದಲೆಳೆಯಷ್ಟು ಹೆಚ್ಚು ತೂಕ. ಇನ್ನೊಂದಕ್ಕೆ ಹಳೆಯ ಕೊಕ್ಕೆ, ಹಳೆಯ ತೂಕ. ಕಣಗಳನ್ನು ತೂಗುವ ಯಂತ್ರದಲ್ಲಿಟ್ಟರೆ ಗುಟ್ಟು ರಟ್ಟಾಗುತ್ತದೆ. ಬೆಲ್ಜಿಯಂನ ಘೆಂಟ್ ನಗರದವರು 1980ರ ದಶಕದಲ್ಲಿ ಇನ್ನೊಂದು ದಾರಿ ಹಿಡಿದರು: ಕಿರುಸರದ ಕೊಕ್ಕೆತುದಿಗೆ, ಕಳಚಿಕೊಂಡಾಗ ಹೊಳೆಯುವ ಬಾಲವೊಂದನ್ನು ಕಟ್ಟಿದರು. ಯಾವ ಕಿಣ್ವ ಬಾಲ ಕತ್ತರಿಸುತ್ತದೆ, ಯಾವುದು ಬಾಲದಿಂದ ದೂರ ಕತ್ತರಿಸುತ್ತದೆ ಎಂಬುದು ಬೆಳಕಿನಲ್ಲೇ ಕಂಡಿತು.

ಕೊನೆಗೆ ತಿಳಿದದ್ದು: ನಮ್ಮ ಡೇರೆಯ ಬೂಷ್ಟಿನ ಬಳಿ ಎರಡು ಬಗೆಯ ತುದಿಗತ್ತರಿಗಳಿವೆ, ಒಂದು ಕೊಕ್ಕೆತುದಿಯಿಂದ ಹೊರಡುತ್ತದೆ, ಇನ್ನೊಂದು ಮೊಂಡುತುದಿಯಿಂದ.

ಮೊಂಡು ಅಲುಗು

ಕೊಕ್ಕೆತುದಿಯಿಂದ ಹೊರಡುವ ಕಿಣ್ವದ ಹೆಸರು ಸೆಲ್-7ಎ. ಸ್ವೀಡನ್ನಿನ ಉಪ್ಸಾಲದಲ್ಲಿ ಕ್ರಿಸ್ಟೀನಾ ಡಿವ್ನೆ, ಆಲ್ವಿನ್ ಜೋನ್ಸ್ ಮತ್ತು ಸಂಗಡಿಗರು ಕ್ಷಕಿರಣದಿಂದ 1994ರಲ್ಲಿ ಅದರ ಆಕಾರ ಕಂಡರು. ಅಳಗುಳಿ ಮಣೆ ಬಯಲಲ್ಲಿರಲಿಲ್ಲ. ಮೇಲೆ ಚಾವಣಿ ಹೊದ್ದು ಸುರಂಗವಾಗಿತ್ತು, ಉದ್ದ 5 ನ್ಯಾನೋಮೀಟರ್. ಆದರೆ ಖಾಲಿ ಸುರಂಗ ನೋಡಿದರೆ ಸರ ಎಲ್ಲಿ ಹೇಗೆ ಕೂರುತ್ತದೆ ಎಂದು ತಿಳಿಯುವುದಿಲ್ಲ. ಸರ ಕೊಟ್ಟರೆ ಚಿತ್ರ ತೆಗೆಯುವ ಮೊದಲೇ ಕತ್ತರಿಸಿ ಹಾಕುತ್ತದೆ. ಅದಕ್ಕೆ ಅವರು ಕಿಣ್ವದಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಿಸಿ ಅಲುಗನ್ನು ಮೊಂಡು ಮಾಡಿದರು. ಹಿಡಿಯುತ್ತದೆ, ಕತ್ತರಿಸುವುದಿಲ್ಲ, ಹಲ್ಲು ಉದುರಿದ ಅಜ್ಜ ಕಬ್ಬು ಹಿಡಿದ ಹಾಗೆ. ಅದಕ್ಕೆ ಕಿರುಸರಗಳನ್ನು ಕೊಟ್ಟು 1998ರಲ್ಲಿ ಚಿತ್ರ ತೆಗೆದಾಗ ಸುರಂಗದುದ್ದಕ್ಕೂ ಸುಮಾರು ಹತ್ತು ಗುಳಿಗಳು, ಒಂದೊಂದರಲ್ಲೂ ಮಣಿ ಕೂರುವ ಭಂಗಿ ಸಮೇತ ಕಂಡವು. ಅಲುಗಿನ ಮುಂದೆ, ಹೊರಬಾಗಿಲ ಕಡೆ, ಜೋಡಿಮಣಿ ಕೂರುವ ಜಾಗ.

ಈ ಚಿತ್ರ ಇಟ್ಟುಕೊಂಡರೆ ಕೆಲಸದ ಬಗೆ ಹೊಳೆಯುತ್ತದೆ. ಬಿಡಿ ಸರದ ತುದಿ ಸುರಂಗ ಹೊಕ್ಕಾಗ ಕಿಣ್ವ ಅದನ್ನು ಕೊನೆಯವರೆಗೆ ಎಳೆದುಕೊಳ್ಳುತ್ತದೆ. ಎರಡು ಮಣಿ ಅಲುಗು ದಾಟಿದ ಕೂಡಲೇ ಕಚಕ್. ಜೋಡಿ ಹೊರಬೀಳುತ್ತದೆ, ಸರ ಎರಡು ಮಣಿಯಷ್ಟು ಮುಂದೆ ಜಾರುತ್ತದೆ, ಮತ್ತೆ ಕಚಕ್. ಎರಡೇ ಏಕೆ, ಒಂದೇಕಲ್ಲ ಎಂದರೆ ಆ ಕೆಂಪು-ಬಿಳಿ ಮಗುಚಾಟ ನೆನೆಯಿರಿ. ಒಂದು ಮಣಿ ಜಾರಿದರೆ ಅಲುಗಿನೆದುರು ತಪ್ಪು ಮುಖ ಬರುತ್ತದೆ. ಎರಡು ಜಾರಿದರೆ ಮಾತ್ರ ಮತ್ತೆ ಸರಿಯಾದ ಮುಖ.

ಜಪಾನಿನ ಕಿಯೋಹಿಕೊ ಇಗರಾಶಿ ಮತ್ತು ಜೊತೆಗಾರರು ಅತಿವೇಗದ ಸೂಕ್ಷ್ಮದರ್ಶಕದಿಂದ ಈ ಕಿಣ್ವಗಳು ನಾರಿನ ಮೇಲೆ ಸಾಗುವುದನ್ನು 2011ರಲ್ಲಿ ಚಿತ್ರೀಕರಿಸಿಯೇ ತೋರಿಸಿದರು. ಸೆಕೆಂಡಿಗೆ ಸುಮಾರು 7 ನ್ಯಾನೋಮೀಟರ್. ಜೋಡಿಮಣಿಯ ಉದ್ದ ಸುಮಾರು 1 ನ್ಯಾನೋಮೀಟರ್ ಆದ್ದರಿಂದ ಸೆಕೆಂಡಿಗೆ ಏಳು ಸಲ ಕಚಕ್. ಈ ಲೆಕ್ಕದಲ್ಲಿ 10,000 ಮಣಿಯ ಸರವನ್ನು ಹನ್ನೆರಡು ನಿಮಿಷದಲ್ಲಿ ಮುಗಿಸಬೇಕು. ಆದರೆ ಅದೇ ಚಿತ್ರದಲ್ಲಿ ಇನ್ನೊಂದೂ ಕಂಡಿತು. ಗದ್ದೆಯ ಬದುವಿನ ಮೇಲೆ ಮುಂದೆ ಹೋಗುವವರು ನಿಂತರೆ ಹಿಂದಿನವರೆಲ್ಲ ನಿಲ್ಲಬೇಕಲ್ಲ, ಹಾಗೆ ನಾರಿನ ಮೇಲೆ ಒಂದು ಕಿಣ್ವ ತಡೆದು ನಿಂತರೆ ಹಿಂದೆ ಸಾಲುಗಟ್ಟುತ್ತದೆ.

ಇನ್ನೊಂದು ತಡೆ ಕಿಣ್ವದ ಸ್ವಂತ ಬಾಗಿಲಲ್ಲೇ ಇದೆ. ಕತ್ತರಿಸಿದ ಜೋಡಿಮಣಿಗೆ ಆ ಹೊರಬಾಗಿಲ ಗುಳಿಗಳು ಬಹಳ ಹಿತ. ಸುತ್ತ ಜೋಡಿಮಣಿ ಹೆಚ್ಚಿದಂತೆ ಅವು ಅಲ್ಲಿಯೇ ಕೂತು ಸುರಂಗದ ಬಾಯಿ ಕಟ್ಟುತ್ತವೆ. ಕಾರ್ಖಾನೆಯವರಿಗೆ ಇದು ತಲೆನೋವು. ನಮ್ಮ ಬೂಷ್ಟು ಜೋಡಿ ಬಿಡಿಸುವ ಮೂರನೆಯ ಕಿಣ್ವವನ್ನು ಕಡಿಮೆ ಸುರಿಸುತ್ತದೆ, ಹಾಗಾಗಿ ಆಸ್ಪರ್ಜಿಲಸ್ ಎಂಬ ಇನ್ನೊಂದು ಬೂಷ್ಟಿನಿಂದ ಅದನ್ನು ತಂದು ಬೆರೆಸುವುದು ರೂಢಿ.

ಕಿರುಸರ ಎಲ್ಲವನ್ನೂ ಹೇಳದು

ಇಷ್ಟು ಹೊಗಳಿದ ಮೇಲೆ ಕಿರುಸರದ ಕೊರತೆಯನ್ನೂ ಹೇಳಬೇಕು. ಅದು ಗುಳಿಯ ಬಗ್ಗೆ ಸತ್ಯ ಹೇಳುತ್ತದೆ, ಹಗ್ಗದ ಬಗ್ಗೆ ಬಾಯಿ ಬಿಡುವುದಿಲ್ಲ. ಕಿರುಸರಗಳನ್ನು ಚಕಚಕನೆ ತುಂಡರಿಸುವ ಕಿಣ್ವ ಹತ್ತಿಯ ಮುಂದೆ ಕೈಚೆಲ್ಲಿ ಕೂರಬಹುದು. ಬಿಡಿ ಶಾವಿಗೆ ಮುರಿಯುವುದೇ ಬೇರೆ, ಕಟ್ಟಿನಿಂದ ಒಂದನ್ನು ಎಳೆದು ತೆಗೆಯುವುದೇ ಬೇರೆ. ಕಿರುಸರದ ಮೇಲಿನ ವೇಗ ನೋಡಿ ಹುಲ್ಲಿನಿಂದ ಇಂಧನ ತೆಗೆಯುವ ಕನಸು ಕಾಣುವವರ ಮಾತನ್ನು ಸ್ವಲ್ಪ ಒರೆಗೆ ಹಚ್ಚಿ ನೋಡಬೇಕು.

ಕೆಲವು ಕಿಣ್ವಗಳು ಇನ್ನೊಂದು ಚೇಷ್ಟೆಯನ್ನೂ ಮಾಡುತ್ತವೆ. ಮೂರು ಮಣಿಯ ಸರ ಕೊಟ್ಟರೆ ಹಾಳೆಯ ಮೇಲೆ ನಾಲ್ಕರ ಚುಕ್ಕಿ ಕಾಣುತ್ತದೆ! ಕತ್ತರಿಸಿದ ತುಂಡನ್ನು ನೀರಿಗೆ ಒಪ್ಪಿಸುವ ಬದಲು ಪಕ್ಕದಲ್ಲಿ ಬಂದ ಇನ್ನೊಂದು ಸರಕ್ಕೆ ಪೋಣಿಸಿಬಿಡುತ್ತವೆ. ಕತ್ತರಿಯೇ ಸೂಜಿಯಾಗುತ್ತದೆ. ಲೆಕ್ಕ ಕೆಡಿಸುವ ಈ ಗುಣವನ್ನೇ ಹಿಡಿದು ಜಪಾನಿನ ಶಿರೊ ಕೊಬಯಾಶಿ ಮತ್ತು ತಂಡ 1991ರಲ್ಲಿ, ಸೆಲ್ಯುಲೋಸ್ ಒಡೆಯುವ ಕಿಣ್ವದಿಂದಲೇ ಸೀಸೆಯಲ್ಲಿ ಸೆಲ್ಯುಲೋಸ್ ನೇಯ್ದು ತೋರಿಸಿತು.

ರೀಸ್ ಹುಡುಕುತ್ತಿದ್ದ ಹಿಂಜುವವನ ಸುಳಿವು 2010ರಲ್ಲಿ ನಾರ್ವೆಯಿಂದ ಬಂತು. ಏಡಿಯ ಚಿಪ್ಪಿನಲ್ಲಿರುವ ಕೈಟಿನ್ ಎಂಬ ಗಟ್ಟಿ ಸರಗಳ ಮೇಲೆ ಕೆಲಸ ಮಾಡುತ್ತಿದ್ದವರಿಗೆ, ನೀರಿನಿಂದಲ್ಲದೆ ಆಮ್ಲಜನಕದ ಬಲದಿಂದ ಸರ ಒಡೆಯುವ ಕಿಣ್ವ ಸಿಕ್ಕಿತು. ಅದರ ಹಲ್ಲು ತಾಮ್ರದ ಒಂದು ಪರಮಾಣು. ಸುರಂಗವಿಲ್ಲ, ಮಣೆಯಿಲ್ಲ, ಚಪ್ಪಟೆ ಮೈಯಿಂದ ಕಟ್ಟಿನ ಮೇಲೇ ಕೂತು ಕಚ್ಚುತ್ತದೆ. ಸೆಲ್ಯುಲೋಸಿನ ಮೇಲೆ ಕೆಲಸ ಮಾಡುವ ಇದರ ಬಂಧುಗಳೂ ಬೇಗನೆ ಸಿಕ್ಕರು. ಇವಕ್ಕೆ ಬಿಡಿ ಕಿರುಸರ ರುಚಿಸದು ಎಂದು ಎಲ್ಲರೂ ನಂಬಿದ್ದಾಗ, 2014ರಲ್ಲಿ ನ್ಯೂರೋಸ್ಪೋರಾ ಬೂಷ್ಟಿನ ಒಂದು ತಾಮ್ರದ ಕಿಣ್ವ ಕಿರುಸರವನ್ನೂ ತುಂಡರಿಸಿ ಆ ನಂಬಿಕೆಗೆ ತೂತು ಕೊರೆಯಿತು.

ಈ ಕಿಣ್ವಗಳೆಲ್ಲ ಈಗ ಕೂಲಿಗೆ ಬಂದಿವೆ. ಜೀನ್ಸ್ ಬಟ್ಟೆಗೆ ಹಳತಾದ ಬಣ್ಣ ಬರಿಸಲು ಹಿಂದೆ ಅದನ್ನು ಹಗುರ ಕಲ್ಲುಗಳ ಜೊತೆ ಒಗೆಯುತ್ತಿದ್ದರು. ಆ ಕೆಲಸದ ದೊಡ್ಡ ಪಾಲನ್ನು ಈಗ ಸೆಲ್ಯುಲೋಸ್ ಕಿಣ್ವಗಳು ವಹಿಸಿಕೊಂಡಿವೆ. ಜೀನ್ಸ್ ಹೊಲಿಗೆಗೆ ಹೆಸರಾದ ಬಳ್ಳಾರಿಯವರಿಗೆ ಇದು ಹೊಸ ಸುದ್ದಿಯಲ್ಲ. ಹರಿಯಾಣದ ಪಾಣಿಪತ್ತಿನಲ್ಲಿ 2022ರ ಆಗಸ್ಟಿನಲ್ಲಿ ಉದ್ಘಾಟನೆಯಾದ ಸ್ಥಾವರ ವರ್ಷಕ್ಕೆ 2 ಲಕ್ಷ ಟನ್ ಭತ್ತದ ಹುಲ್ಲಿನಿಂದ 3 ಕೋಟಿ ಲೀಟರ್ ಎಥನಾಲ್ ತೆಗೆಯುವ ಗುರಿಯಿಂದ ಕಟ್ಟಿದ್ದು.

ತಿಪ್ಪೆಯ ಲೆಕ್ಕ

ಕಿರುಸರ ಪ್ರಯೋಗಾಲಯದವರ ಕೃತಕ ವಸ್ತು ಎಂದು ನಾನೂ ಬಹಳ ಕಾಲ ಅಂದುಕೊಂಡಿದ್ದೆ. ಗಿಡಗಳು ಹಾಗೆ ಅಂದುಕೊಂಡಿಲ್ಲ. ಬೇರಿನ ಬಳಿ ಮೂರು ಮಣಿಯ ಸರ ತೇಲಿಬಂದರೆ ತನ್ನ ಗೋಡೆಯನ್ನು ಯಾರೋ ಕೊರೆಯುತ್ತಿದ್ದಾರೆಂದು ಗಿಡ ತಿಳಿಯುತ್ತದೆ. ಸಾಸಿವೆಯ ಬಂಧುವಾದ ಅರಾಬಿಡಾಪ್ಸಿಸ್ ಗಿಡದಲ್ಲಿ ಆ ಸುಳಿವು ಹಿಡಿಯಲು ಬೇಕಾದ ಪ್ರೋಟೀನನ್ನು 2022ರಲ್ಲಿ ಗುರುತಿಸಿದರು. ಆ ಹುಡುಕಾಟದ ದಾರಿ ತೆರೆದದ್ದು ನಮ್ಮ ಥಾರ್ ಮರುಭೂಮಿಯಲ್ಲಿ ಸಿಕ್ಕ, ಬೇರಿನ ಜೊತೆ ಸ್ನೇಹದಿಂದ ಬಾಳುವ ಒಂದು ಶಿಲೀಂಧ್ರ. ಅದು ಸುರಿಸುವ ಸಂಕೇತವೇ ಮೂರು ಮಣಿಯ ಕಿರುಸರ ಎಂದು ಮೊದಲು ತಿಳಿದುಬಂದಿತ್ತು.

ಗಿಡಕ್ಕೆ ಸುಳಿವಾದ ಕಿರುಸರ ಕೆಲವು ಜೀವಿಗಳಿಗೆ ಊಟವೇ ಆಗಿದೆ. ಚಳಿಗಾಲದ ಬೆಳಗ್ಗೆ ತಿಪ್ಪೆಯಿಂದ ಹಬೆ ಏಳುವುದನ್ನು ನೋಡಿದ್ದೀರಿ. ಅಂಥ ಬಿಸಿ ಕೊಳೆತದಲ್ಲಿ, 60 ಡಿಗ್ರಿಯ ಶಾಖದಲ್ಲಿ ಸುಖವಾಗಿರುವ ಒಂದು ಬ್ಯಾಕ್ಟೀರಿಯಾ ಇದೆ, ಕ್ಲಾಸ್ಟ್ರಿಡಿಯಂ ಥರ್ಮೋಸೆಲ್ಲಮ್. ಸೆಲ್ಯುಲೋಸನ್ನು ಹೊರಗೇ ಪೂರ್ತಿ ಗ್ಲೂಕೋಸ್ ಮಾಡಿ ಒಂದೊಂದೇ ಮಣಿಯನ್ನು ಒಳಗೆ ಒಯ್ಯಬಹುದಿತ್ತು. ಆದರೆ ಒಳಗೆ ಒಯ್ಯುವ ಪ್ರತಿ ಸಲವೂ ಬಾಗಿಲಲ್ಲಿ ಶಕ್ತಿಯ ಸುಂಕ ಕಟ್ಟಬೇಕು, ಒಂದು ಮಣಿಗೂ ಅಷ್ಟೇ, ನಾಲ್ಕು ಮಣಿಯ ಸರಕ್ಕೂ ಅಷ್ಟೇ. ಅಮೆರಿಕದ ಜಾಂಗ್ ಮತ್ತು ಲಿಂಡ್ 2005ರಲ್ಲಿ ಲೆಕ್ಕ ಹಾಕಿ ನೋಡಿದಾಗ, ಅದು ನುಂಗುವ ಸರಗಳ ಸರಾಸರಿ ಉದ್ದ ನಾಲ್ಕು ಮಣಿಗಿಂತ ತುಸು ಹೆಚ್ಚೇ ಇತ್ತು. ಒಳಗೆ ಬಂದ ಮೇಲೆ ಕೊಂಡಿಗಳನ್ನು ನೀರಿನಿಂದ ಒಡೆದು ದಂಡ ಮಾಡುವುದಿಲ್ಲ, ರಂಜಕದಿಂದ ಒಡೆದು ಕೊಂಡಿಯಲ್ಲಿದ್ದ ಶಕ್ತಿಯನ್ನೂ ಉಳಿಸಿಕೊಳ್ಳುತ್ತದೆ. ನಾವು ಆಮ್ಲ, ಇದ್ದಿಲು, ಸ್ಪಿರಿಟ್ ಎಂದು ಒದ್ದಾಡಿ ಮಿಲಿಗ್ರಾಂ ಲೆಕ್ಕದಲ್ಲಿ ತೆಗೆಯುವ ನಾಲ್ಕು ಮಣಿಯ ಸರ ತಿಪ್ಪೆಯಲ್ಲಿ ಅದರ ದಿನದ ಊಟ.